ಲಾಡಿ ಗಂಟಿನ ಕೆಳಗಿನ ಹುಣ್ಣು

ಕಸ ತೆಗೆಯಲು ಹೊಲಕ್ಕೆ ಹೊರಟ ಡಂಬಳದ ಹೆಣ್ಣುಮಗಳು ಪರಕರದ ಲಾಡಿಯನ್ನು ಜಗ್ಗಿ ಗಂಟು ಹಾಕುತ್ತಾಳೆ. ದಿನವಿಡೀ ಬಗ್ಗಿ ಏಳುವ ಕೆಲಸ, ಸಡಿಲಾದರೆ ಸೀರೆ ಜಾರುತ್ತದೆ. ಸಂಜೆ ಬಿಚ್ಚಿದರೆ ನಡುವಿನ ಸುತ್ತ ಕಪ್ಪು ಗೆರೆ, ಬೆವರು, ತುರಿಕೆ. ‘ಇರ್ಲಿ ಬಿಡವ್ವಾ, ಲಾಡಿ ಕಡದೈತಿ’ ಎಂದು ಕೊಬ್ಬರಿ ಎಣ್ಣೆ ಸವರುವುದು, ಮರುದಿನ ಅಲ್ಲೇ ಮತ್ತೆ ಗಂಟು.

ಆ ಗೆರೆಯ ಮೇಲೆ ಕ್ಯಾನ್ಸರ್ ಆಗುತ್ತದೆ ಎಂದರೆ ಗದಗ ಬಸ್ಸಿಗೆ ಕಾಯುವ ಮಂದಿ ನಕ್ಕಾರು. ಆದರೆ ಆಗಿದೆ. 2024ರಲ್ಲಿ ವಾರ್ಧಾ ಮತ್ತು ಮಧುಬನಿಯ ವೈದ್ಯರು ಇಂಥ ಇಬ್ಬರು ಹಿರಿಯ ಹೆಂಗಸರ ಸಂಗತಿಯನ್ನು ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಗೆ ಬರೆದರು. ಒಬ್ಬಾಕೆಗೆ 70 ವರ್ಷ. ನಡುವಿನ ಹುಣ್ಣು 18 ತಿಂಗಳಾದರೂ ಮಾಯ್ದಿರಲಿಲ್ಲ. ಇನ್ನೊಬ್ಬಾಕೆ ಪರಕರವಿಲ್ಲದೆ ಸೀರೆಯನ್ನೇ ನಡುವಿಗೆ ಬಿಗಿದು 40 ವರ್ಷ ಉಟ್ಟಾಕೆ. ರೋಗ ತೊಡೆಸಂದಿನ ಗಂಟಿಗೂ ಇಳಿದಿತ್ತು.

ಗಂಡಸರೂ ನಗುವಂತಿಲ್ಲ. ಧೋತರ ಬಿಗಿದ ನಡುವಿನಲ್ಲೂ ಇದೇ ರೋಗ ಬರುವುದನ್ನು ಮುಂಬಯಿಯ ಡಾ. ವಿ. ಆರ್. ಖಾನೋಲ್ಕರ್ 1945ರಲ್ಲೇ ಬರೆದಿಟ್ಟಿದ್ದಾರೆ. ಹಾಗಂತ ಸೀರೆ, ಧೋತರ ಉಟ್ಟವರೆಲ್ಲ ಹೆದರಬೇಕಿಲ್ಲ. ಇದು ಅಪರೂಪದ ರೋಗ. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ, ಗಾಯವಾಗಿ, ಮಾಯದೆ ಉಳಿದರೆ ಮಾತ್ರ ಅಪಾಯ.

ಚರ್ಮದ ಕ್ಯಾನ್ಸರಿನಲ್ಲಿ ಮಚ್ಚೆಯಂತೆ ಕಪ್ಪಾಗಿ ಬೇಗ ಹರಡುವ ಮೆಲನೋಮ ಬೇರೆ. ಅದನ್ನು ಬಿಟ್ಟರೆ ಮುಖ್ಯವಾದವು ಎರಡು. ಬೇಸಲ್ ಸೆಲ್ ಎಂಬುದು ಹೆಚ್ಚಾಗಿ ಮುಖದ ಮೇಲೆ, ಮೂಗು-ಕಣ್ಣಿನ ಹತ್ತಿರ, ಹೊಳೆಯುವ ಗುಳ್ಳೆಯಾಗಿ ಏಳುತ್ತದೆ. ಬೇರೆ ಕಡೆ ಹರಡುವುದು ತೀರ ಕಡಿಮೆ. ಆದರೆ ಬಿಟ್ಟರೆ ಇದ್ದಲ್ಲೇ ಮೂಗು, ಕಿವಿಯನ್ನು ತಿನ್ನುತ್ತದೆ. ಸ್ಕ್ವೇಮಸ್ ಸೆಲ್ ಎಂಬುದು ಗಟ್ಟಿ ಅಂಚಿನ, ರಕ್ತ ಜಿನುಗುವ ಹುಣ್ಣು. ಇದು ಹರಡಬಲ್ಲದು. ನಡುವಿನ ಮೇಲೆ ಆಗುವುದು ಇದೇ.

ಮೊದಲ ಕಾರಣ ಬಿಸಿಲು. ನಮ್ಮ ಕಪ್ಪು ಬಣ್ಣ ಬಿಸಿಲಿಗೆ ಕೊಡೆ ಇದ್ದ ಹಾಗೆ, ಬಹುಮಟ್ಟಿಗೆ ಕಾಯುತ್ತದೆ. ಆದರೆ ಹಳೆಯ ಸುಟ್ಟ ಗಾಯದ ಕಲೆಗೆ, ವರ್ಷಗಟ್ಟಲೆ ಸೋರುವ ಕಾಲಿನ ಹುಣ್ಣಿಗೆ ಅದರ ಕಾವಲಿಲ್ಲ. ಕುಡಿಯುವ ನೀರೂ ಕಾರಣವಾದೀತು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ವಿಷ ಸಿಕ್ಕಿತು. ಜನರ ಚರ್ಮದ ಮೇಲೆ ಗಂಟು, ಹುಣ್ಣು, ಕೆಲವರಲ್ಲಿ ಕ್ಯಾನ್ಸರ್ ಕಂಡಿತು.

ಚಿಕಿತ್ಸೆ ಇದೆ. ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ರೋಗವೆಂದು ಖಾತ್ರಿಯಾದರೆ ಸುತ್ತಲಿನ ಚರ್ಮ ಸಮೇತ ಕತ್ತರಿಸಿ, ಬೇಕಾದರೆ ಬೇರೆ ಕಡೆಯ ಚರ್ಮ ಹಚ್ಚುತ್ತಾರೆ. ಕತ್ತರಿಸಲು ಆಗದ ಕಡೆ ಕರೆಂಟ್ ಕೊಡುತ್ತಾರೆ. ಬೇಗ ಹೋದವರಲ್ಲಿ ಬಹುತೇಕರು ಪೂರ್ತಿ ಗುಣವಾಗುತ್ತಾರೆ. ಗದಗದಲ್ಲಿ ಜಿಮ್ಸ್, ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಹಾಯ ಉಂಟು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜೂ ಇಲ್ಲ.

ಮತ್ತೇನು ಅಡ್ಡಿ? ಒಂದು ದಿನದ ಕೂಲಿ, ಜೊತೆಗೆ ನಾಚಿಕೆ. ನಡುವಿನ ಹುಣ್ಣನ್ನು ಗಂಡನಿಗೇ ತೋರಿಸದಾಕೆ ಡಾಕ್ಟರಿಗೆ ತೋರಿಸುವಳೇ? ಸರಕಾರವೂ ಕೇಳುವುದಿಲ್ಲ. 30 ದಾಟಿದವರಿಗೆ ನಡೆಯುವ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇವೆ. ಯಂತ್ರವಿಲ್ಲದೆ ಬರಿಗಣ್ಣಿಗೇ ಕಾಣುವ ಚರ್ಮದ ಹೆಸರಿಲ್ಲ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ತಲೆ ಮೇಲೆ ಹೊರೆ ಸಾಕಷ್ಟಿದೆ, ನಿಜ. ಆದರೂ ‘ಅವ್ವಾ, ತಿಂಗಳಾದ್ರೂ ಮಾಯದ ಹುಣ್ಣು ಮೈಮ್ಯಾಲೆ ಎಲ್ಲಾದ್ರೂ ಐತೇನು?’ ಎಂದು ಕೇಳಲು ಹೊಸ ರಿಜಿಸ್ಟರ್ ಬೇಕಿಲ್ಲ. ಆ ಪ್ರಶ್ನೆಯನ್ನು ಪಟ್ಟಿಗೆ ಸೇರಿಸಲು ಆರೋಗ್ಯ ಇಲಾಖೆಯ ಒಂದು ಆದೇಶ ಸಾಕು.

ಅಂಗಡಿಕಾರರೂ ಪುಣ್ಯ ಕಟ್ಟಿಕೊಳ್ಳಬಹುದು. ಒಂದೇ ಹುಣ್ಣಿಗೆ ಮೂರನೇ ಸಲ ಮುಲಾಮು ಕೇಳಲು ಬಂದವರಿಗೆ ಔಷಧಿ ಅಂಗಡಿಯವರು ‘ಮೊದ್ಲ ದವಾಖಾನಿಗೆ ತೋರಸ್ರಿ’ ಅನ್ನಲಿ. ಟೇಲರ್‌ಗಳು ಪರಕರಕ್ಕೆ ಅಗಲ ಪಟ್ಟಿ ಹೊಲಿಯಲಿ. ಅಕ್ಕ-ತಂಗಿಯರು ಗಂಟನ್ನು ತುಸು ಸಡಿಲಿಸಲಿ, ತುರಿಕೆ ಇದ್ದರೆ ಮಾಯುವ ತನಕ ಬೇರೆ ಕಡೆ ಕಟ್ಟಲಿ.

ಸಂಬಂಧಪಟ್ಟವರು ಗಮನಿಸುವರೇ ಎಂದು ಕೇಳುವುದು ಪದ್ಧತಿ. ಈ ವಿಷಯದಲ್ಲಿ ಮೊದಲು ಸಂಬಂಧಪಟ್ಟವರು ಮನೆಯವರೇ. ಇವತ್ತು ರಾತ್ರಿ ಅವ್ವನನ್ನು ಒಮ್ಮೆ ಕೇಳಿ ನೋಡಲಿ.