ವಿಮ್ ಮತ್ತು ನಮ್ಮ ಬಿ.ಎ. ತರಗತಿ

ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಗೆ ಕಲಾ ವಿಭಾಗದವರು ಕಾಲಿಡುವುದು ವರ್ಷಕ್ಕೆ ಎರಡು ಸಲ: ವಿದ್ಯಾರ್ಥಿವೇತನದ ಅರ್ಜಿ ತುಂಬುವುದಕ್ಕೊಮ್ಮೆ, ಪರೀಕ್ಷೆಯ ಶುಲ್ಕ ಕಟ್ಟುವುದಕ್ಕೊಮ್ಮೆ. ಉಳಿದ ದಿನಗಳಲ್ಲಿ ಅದು ವಾಣಿಜ್ಯ ವಿಭಾಗದವರ ಸ್ವತ್ತೆಂದೇ ಎಲ್ಲರ ಭಾವನೆ. ಈ ಭಾವನೆ ಸರಿಯಲ್ಲವೆಂದೂ, ಲಿನಕ್ಸ್ ಹಾಕಿರುವ ಅಲ್ಲಿನ ಹಳೆಯ ಯಂತ್ರಗಳಲ್ಲಿ ನಮಗೆ ಬೇಕಾದ ವಿದ್ಯೆಯೊಂದು ಸುಮ್ಮನೆ ಬಿದ್ದಿದೆಯೆಂದೂ ನನ್ನ ಅಭಿಪ್ರಾಯ. ಅದರ ಹೆಸರು ವಿಮ್. ಪಾತ್ರೆ ಬೆಳಗುವ ಪುಡಿಯ ಮಾತಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ, ಮೌಸನ್ನು ಮುಟ್ಟದೆ, ಕೀಲಿಮಣೆಯೊಂದರಿಂದಲೇ ಬರೆದು ತಿದ್ದುವ ಸಾಧನ. ಕಳೆದ ವರ್ಷದಿಂದ ನಾನು ಇದನ್ನು ಅಭ್ಯಾಸ ಮಾಡುತ್ತಿದ್ದೇನೆ.

ಇದನ್ನು ಕೇಳಿದೊಡನೆ ಮಿತ್ರರು ಎತ್ತುವ ಆಕ್ಷೇಪಣೆ ಒಂದೇ: ಬರೆಯುವುದಕ್ಕೆ ಇಷ್ಟು ಕಷ್ಟವೇಕೆ? ಆಕ್ಷೇಪಣೆ ಸುಳ್ಳಲ್ಲ. ವಿಮ್ ತೆರೆದು ಅಕ್ಷರ ಒತ್ತಿದರೆ ಅಕ್ಷರ ಮೂಡುವುದಿಲ್ಲ. ‘ಐ’ ಎಂಬ ಕೀಲಿಯನ್ನೊತ್ತಿದ ಮೇಲೆ ಬರೆಯುವ ಸ್ಥಿತಿ. ‘ಎಸ್ಕೇಪ್’ ಒತ್ತಿದರೆ ಮತ್ತೆ ತಿದ್ದುವ ಸ್ಥಿತಿ. ಹೊರಗೆ ಬರುವ ದಾರಿ ಕೂಡ ಯಾರಾದರೂ ಹೇಳಿಕೊಟ್ಟ ಹೊರತು ತಿಳಿಯದು. ಈ ಒಂದು ಪ್ರಶ್ನೆಯನ್ನು ಸ್ಟ್ಯಾಕ್ ಓವರ್‌ಫ್ಲೋ ಎಂಬಲ್ಲಿ ೨೦೧೨ರಲ್ಲಿ ಯಾರೋ ಕೇಳಿದರು; ೨೦೧೭ರ ವೇಳೆಗೆ ಅದನ್ನು ಹತ್ತು ಲಕ್ಷ ಸಲ ಜನ ತೆರೆದು ನೋಡಿದ್ದರು. ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿಗೆ ಇಷ್ಟು ಸಂಗಾತಿಗಳಿದ್ದಿದ್ದರೆ ಭಾರತದ ಕಥೆಯೇ ಬೇರೆಯಾಗುತ್ತಿತ್ತು.

ಆದರೆ ಈ ವಿಚಿತ್ರ ನಡವಳಿಕೆ ಯಾರದೋ ಹಠದಿಂದ ಬಂದುದಲ್ಲ, ಬಡತನದಿಂದ ಬಂದುದು. ವಿಮ್‌ನ ಪೂರ್ವಿಕನಾದ ‘ವಿ-ಐ’ಯನ್ನು ಬಿಲ್ ಜಾಯ್ ೧೯೭೬ರಲ್ಲಿ ಬರೆದರು. ಆಗ ಅವರು ಅಮೆರಿಕೆಯ ಬರ್ಕ್ಲಿಯಲ್ಲಿ ನಮ್ಮಂತೆಯೇ ವಿದ್ಯಾರ್ಥಿ. ಮನೆಯಿಂದ ದೂರವಾಣಿ ತಂತಿಯ ಮೂಲಕ ವಿಶ್ವವಿದ್ಯಾನಿಲಯದ ಯಂತ್ರದೊಡನೆ ಮಾತನಾಡುವ ಅವರ ಮೋಡೆಮ್ ಸೆಕೆಂಡಿಗೆ ಸುಮಾರು ೩೦ ಅಕ್ಷರಗಳನ್ನು ಮಾತ್ರ ಸಾಗಿಸುತ್ತಿತ್ತು. ಸಾಲಿಗೆ ೮೦ ಅಕ್ಷರದಂತೆ ೨೪ ಸಾಲಿನ ಪರದೆಯೊಂದು ತುಂಬಬೇಕಾದರೆ ಒಂದು ನಿಮಿಷಕ್ಕೂ ಮೇಲೆ ಕಾಯಬೇಕು! ಅಂಥಲ್ಲಿ ಒಂದೊಂದು ಕೀಲಿಯೂ ದುಡ್ಡಿನಂತೆ. ಒಂದೇ ಅಕ್ಷರಕ್ಕೆ ಒಂದು ಆಜ್ಞೆಯ ಬೆಲೆ ಬಂದುದು ಹೀಗೆ. ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಹೋಗಲು ಎಚ್, ಜೆ, ಕೆ, ಎಲ್ ಎಂಬ ಕೀಲಿಗಳನ್ನೇಕೆ ಒತ್ತಬೇಕೆಂದರೆ, ಅವರ ಎಡಿಎಂ-೩ಎ ಯಂತ್ರದಲ್ಲಿ ಬಾಣದ ಗುರುತುಗಳು ಆ ನಾಲ್ಕು ಕೀಲಿಗಳ ಮೇಲೆಯೇ ಅಚ್ಚಾಗಿದ್ದವು. ಯಂತ್ರ ಎಂದೋ ಗುಜರಿ ಸೇರಿತು, ಅಭ್ಯಾಸ ಉಳಿಯಿತು. ಊರಲ್ಲಿ ಬಾವಿ ಮುಚ್ಚಿ ಎಷ್ಟೋ ವರ್ಷವಾದರೂ ‘ಬಾವಿಕಟ್ಟೆ ನಿಲ್ದಾಣ’ ಎನ್ನುವುದಿಲ್ಲವೆ?

ಇದನ್ನು ಸುಧಾರಿಸಿ ವಿಮ್ ಮಾಡಿದವರು ಹಾಲೆಂಡಿನ ಬ್ರಾಮ್ ಮೂಲೆನಾರ್. ೧೯೯೧ರಲ್ಲಿ ಅದು ಹೊರಬಂತು. ಅವರು ಅದಕ್ಕೆ ಬೆಲೆ ಕೇಳಲಿಲ್ಲ. ಇಷ್ಟವಾದವರು ಉಗಾಂಡದ ಬಡಮಕ್ಕಳಿಗೆ ನೆರವಾಗಬಹುದೆಂದರು. ಆ ವಿನಂತಿ ತಂತ್ರಾಂಶದ ಮೊದಲ ಪರದೆಯ ಮೇಲೆಯೇ ಬಹುಕಾಲ ನಿಂತಿತ್ತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ನೋಡಿಕೊಂಡು ೨೦೨೩ರ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ವಿಮ್ ಕಲಿಯುವುದು ಯಂತ್ರವಿದ್ಯೆ ಕಲಿತಂತಲ್ಲ, ಪುಟ್ಟದೊಂದು ಭಾಷೆ ಕಲಿತಂತೆ. ಭಾಷೆ ಕಲಿಯುವುದಂತೂ ನಮ್ಮ ಕಸುಬೇ. ಅದರಲ್ಲಿ ಕ್ರಿಯಾಪದಗಳುಂಟು: ‘ಡಿ’ ಎಂದರೆ ಅಳಿಸು, ‘ಸಿ’ ಎಂದರೆ ಬದಲಿಸು, ‘ವೈ’ ಎಂದರೆ ನಕಲು ಮಾಡಿಕೊ. ಕರ್ಮಪದಗಳುಂಟು: ‘ಡಬ್ಲ್ಯು’ ಎಂದರೆ ಪದ, ‘ಎ ಪಿ’ ಎಂದರೆ ಇಡೀ ಪರಿಚ್ಛೇದ. ‘ಡಿ, ೩, ಡಬ್ಲ್ಯು’ ಎಂದು ಒತ್ತಿದರೆ ಮೂರು ಪದಗಳು ಮಾಯ. ಹತ್ತು ಕ್ರಿಯೆ, ಹತ್ತು ಕರ್ಮ ತಿಳಿದವನಿಗೆ ನೂರು ವಾಕ್ಯ ಬಂದಂತಾಯಿತು. ನೂರನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಚುಕ್ಕಿ ಒತ್ತಿದರೆ ಹಿಂದೆ ಮಾಡಿದ ತಿದ್ದುಪಡಿ ಇನ್ನೊಮ್ಮೆ ನಡೆಯುತ್ತದೆ. ಅನ್ವಯ ಮಾತ್ರ ಇಂಗ್ಲಿಷಿನದು: ‘ಅಳಿಸು ಪದವನ್ನು’. ಆದರೆ ಮೊದಲು ‘ವಿ’ ಒತ್ತಿ ಭಾಗವನ್ನು ಗುರುತಿಸಿಕೊಂಡು ಆಮೇಲೆ ‘ಡಿ’ ಎಂದರೆ ‘ಪದವನ್ನು ಅಳಿಸು’ ಎಂಬ ಕನ್ನಡದ ಕ್ರಮ ಸಿಕ್ಕುತ್ತದೆ. ಈಚಿನ ಕಕೂನ್, ಹೀಲಿಕ್ಸ್ ಎಂಬ ಸಾಧನಗಳಂತೂ ಈ ಕ್ರಮವನ್ನೇ ನಿಯಮ ಮಾಡಿಕೊಂಡಿವೆ. ಶಬ್ದಮಣಿದರ್ಪಣದ ಮುಂದೆ ಧೈರ್ಯವಾಗಿ ಕುಳಿತ ಐಚ್ಛಿಕ ಕನ್ನಡದವರು ಇದಕ್ಕೆ ಹೆದರುವುದು ಶೋಭಿಸದು.

ಕನ್ನಡ ಬರೆಯುವಾಗ ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ಯಂತ್ರದ ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿ ಬರೆದು, ತಿದ್ದುವ ಸ್ಥಿತಿಗೆ ಬಂದು ‘ಡಿ’ ಒತ್ತಿದರೆ ವಿಮ್‌ಗೆ ಕೇಳಿಸುವುದು ‘ದ’, ಅದಕ್ಕೆ ಅರ್ಥವಾಗದು. ಬರೆಯುವ ಸ್ಥಿತಿಯಲ್ಲಿ ಮಾತ್ರ ಕನ್ನಡ ಮೂಡುವಂತೆ ವಿಮ್‌ನೊಳಗೇ ‘ಕೀಮ್ಯಾಪ್’ ಎಂಬ ಏರ್ಪಾಡುಂಟು. ಟರ್ಮಿನಲ್ಲಿನ ಕಷ್ಟ ಇನ್ನೂ ದೊಡ್ಡದು. ಪ್ರತಿಯೊಂದು ಅಕ್ಷರಕ್ಕೂ ಸಮನಾದ ಮನೆ ಕಟ್ಟಿಕೊಟ್ಟಿರುವ ಆ ಪರದೆ ನಮ್ಮ ಒತ್ತಕ್ಷರಗಳನ್ನು ಕಂಡರೆ ಗಲಿಬಿಲಿಗೊಳ್ಳುತ್ತದೆ. ಕೆಲವು ಟರ್ಮಿನಲ್ಲುಗಳಲ್ಲಿ ‘ಸ್ತ್ರೀ’ ಎಂಬುದು ಚೆಲ್ಲಾಪಿಲ್ಲಿಯಾಗುತ್ತದೆ. ಅಂಥಲ್ಲಿ ನಾನು ಜಿವಿಮ್ ಎಂಬ, ಕಿಟಕಿಯಲ್ಲಿ ತೆರೆಯುವ ರೂಪವನ್ನು ಬಳಸುತ್ತೇನೆ.

ನೋಟ್‌ಪ್ಯಾಡಿನಲ್ಲಿಯೂ ಕನ್ನಡ ಬರೆಯಬಹುದಲ್ಲ, ಇದೇ ಏಕೆ ಎಂಬ ಪ್ರಶ್ನೆ ನ್ಯಾಯವಾದುದು. ನಮ್ಮ ವಿಭಾಗದಲ್ಲಿ ನಡೆದುದನ್ನೇ ಹೇಳುತ್ತೇನೆ. ಹಿಂದಿನ ತಂಡದವರು ಸುತ್ತಲಿನ ಹಳ್ಳಿಗಳಲ್ಲಿ ತಿರುಗಿ ಸೋಬಾನೆ ಪದಗಳನ್ನು ಕೈಯಲ್ಲಿ ಬರೆದು ತಂದರು. ಪುಟಕ್ಕಿಷ್ಟು ಎಂದು ಕೊಟ್ಟು ಡಿ.ಟಿ.ಪಿ. ಅಂಗಡಿಯಲ್ಲಿ ಅಚ್ಚು ಹಾಕಿಸಿದರು. ಅಂಗಡಿಯವರು ಬಳಸಿದ್ದು ಯುನಿಕೋಡ್ ಅಲ್ಲದ ಹಳೆಯ ಫಾಂಟು. ಇಂದು ಆ ಕಡತವನ್ನು ತೆರೆದರೆ ಕಾಣುವುದು ಹಾಡಲ್ಲ, ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ. ಪರಿವರ್ತಿಸುವ ತಂತ್ರಾಂಶಗಳುಂಟು, ಪರಿವರ್ತಿಸಿದ ಮೇಲೂ ದೀರ್ಘ, ಒತ್ತು, ಅರ್ಕಾವತ್ತುಗಳಲ್ಲಿ ತಪ್ಪುಗಳು ಉಳಿದವು, ಅದೂ ಒಂದೇ ಬಗೆಯ ತಪ್ಪು ನೂರಾರು ಕಡೆ. ಬಹಳ ಪದಗಳನ್ನು ಹಾಡಿದ ಅಜ್ಜಿ ಈಗಿಲ್ಲ. ಮತ್ತೆ ಕೇಳಿ ಬರೆಯುವಂತಿಲ್ಲ. ಕೈಬರಹದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನಾನು ತಿದ್ದತೊಡಗಿದುದು ವಿಮ್‌ನಲ್ಲಿ. ಒಂದು ತಪ್ಪನ್ನು ಕಡತದುದ್ದಕ್ಕೂ ಹುಡುಕಿ, ಪ್ರತಿಯೊಂದು ಕಡೆಯೂ ‘ಬದಲಿಸಲೇ?’ ಎಂದು ನನ್ನನ್ನು ಕೇಳಿ, ಹೂಂ ಎಂದಲ್ಲಿ ಮಾತ್ರ ಅದು ಬದಲಿಸುತ್ತದೆ. ‘ಹಾಡ್ಯಾರೆ’ ಎಂಬ ಹಳ್ಳಿಯ ರೂಪವನ್ನು ತಪ್ಪೆಂದು ಬಗೆದು ‘ಹಾಡಿದ್ದಾರೆ’ ಎಂದು ಕೆಡಿಸುವ ಅಪಾಯ ಅಲ್ಲಿ ಇಲ್ಲ. ನಮ್ಮ ಕೆಲಸದಲ್ಲಿ ಬರೆಯುವುದಕ್ಕಿಂತ ಓದುವುದು, ತಿದ್ದುವುದು ಹೆಚ್ಚು. ತೆರೆದೊಡನೆ ಬರೆಯಲು ಬಿಡದೆ ‘ಮೊದಲು ಓದು’ ಎನ್ನುವ ಸಾಧನ ಇದಕ್ಕೆ ಒಗ್ಗುವುದು ಆಶ್ಚರ್ಯವಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ. ಮುಂದಿನ ವರ್ಷದಿಂದ ಕ್ಷೇತ್ರಕಾರ್ಯದ ವರದಿಗಳನ್ನು ಅಚ್ಚಿನ ಪ್ರತಿಯೊಡನೆ ಯುನಿಕೋಡಿನ ಸಾದಾ ಕಡತವಾಗಿಯೂ ಪಡೆಯಬೇಕು. ಕಲಿಸಲು ಹೊರಗಿನವರು ಬೇಕಿಲ್ಲ: ಟರ್ಮಿನಲ್ಲಿನಲ್ಲಿ ‘ವಿಮ್‌ಟ್ಯೂಟರ್’ ಎಂದು ಬರೆದರೆ ಪಾಠ ತಾನೇ ತೆರೆಯುತ್ತದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೈ ಪಳಗಲು ಎರಡು ಮೂರು ವಾರ ಬೇಕು. ಶನಿವಾರ ಮಧ್ಯಾಹ್ನ ನಾಲ್ಕೈದು ಮಂದಿ ಕುಳಿತುಕೊಳ್ಳಲು ಸಿದ್ಧರಿದ್ದೇವೆ. ಕೊಠಡಿಯ ಬೀಗದ ಕೈ ಆ ಹೊತ್ತಿನಲ್ಲಿ ಯಾರ ಬಳಿ ಇರಬೇಕೆಂಬುದನ್ನು ಪ್ರಾಂಶುಪಾಲರು ತೀರ್ಮಾನಿಸಬೇಕಾಗಿದೆ.