ಸಂತರ ಎಲುಬಿಗೆ ಐನೂರು ರೂಪಾಯಿಯೇ?



ದೊಡ್ಡಬಳ್ಳಾಪುರ ಕಡೆಯ ಒಂದು ಊರಿನಲ್ಲಿ ಈಚೆಗೆ ತೇರಿನ ಸಂಜೆ ಕಂಡದ್ದನ್ನು ಬರೆಯುತ್ತಿದ್ದೇನೆ. ಚರ್ಚಿನ ಮುಂದೆ ಬತ್ತಾಸು, ಬಳೆ, ಜಪಸರದ ಅಂಗಡಿಗಳ ನಡುವೆ ಒಬ್ಬ ಲಾಕೆಟ್‌ಗಳನ್ನು ಹರಡಿಕೊಂಡು ಕೂತಿದ್ದ. ಗಾಜಿನೊಳಗೆ ಅಕ್ಕಿನುಚ್ಚಿನಷ್ಟು ಬಿಳಿ ಚೂರು. ‘ಗೋವಾ ಸಂತರ ಎಲುಬು, ಮನೇಲಿಟ್ಟರೆ ಕಾಯಿಲೆ ಸುಳಿಯಲ್ಲ, ಐನೂರು ಕೊಡಿ’ ಎಂದ. ಮಗ್ಗದ ಕೂಲಿಗೆ ಹೋಗುವ ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ ಕೊಟ್ಟೇಬಿಟ್ಟರು.

ಅವಶೇಷಕ್ಕೆ ಕೈಮುಗಿಯುವುದೇ ಮೌಢ್ಯ ಎನ್ನುವವನು ನಾನಲ್ಲ. ಅವನು ಹೇಳಿದ ಗೋವಾ ಸಂತರು, ಅಂದರೆ ಸಂತ ಫ್ರಾನ್ಸಿಸ್ ಕ್ಸೇವಿಯರ್, ನಮಗೆ ಹೊರಗಿನವರೂ ಅಲ್ಲ. ಬೆಂಗಳೂರಿನ ಪ್ರಧಾನಾಲಯ ಇರುವುದೇ ಅವರ ಹೆಸರಿನಲ್ಲಿ. ನಮ್ಮವರ ಬಾಯಲ್ಲಿ ಆ ಹೆಸರು ಚೌರಪ್ಪ ಆಗಿ ಎಷ್ಟೋ ಮಕ್ಕಳಿಗೆ ಬಂದಿದೆ. ನಮ್ಮಮ್ಮ 2004ರಲ್ಲಿ ಅವರ ದೇಹದ ದರ್ಶನಕ್ಕೆ ಹಳೆ ಗೋವಾಕ್ಕೆ ಹೋಗಿ, ಬಿಸಿಲಲ್ಲಿ ಸಾಲು ನಿಂತು, ಪೆಟ್ಟಿಗೆಯ ಗಾಜಿಗೆ ಕರವಸ್ತ್ರ ಮುಟ್ಟಿಸಿಕೊಂಡು ಬಂದರು. ಅದು ಇವತ್ತಿಗೂ ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗಿದೆ. ಅದಕ್ಕೆ ಯಾರೂ ಬೆಲೆ ಕಟ್ಟಿಲ್ಲ.

ಈ ದರ್ಶನ ಹತ್ತು ವರ್ಷಕ್ಕೊಮ್ಮೆ. ಕಳೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಹೋಗಲಾಗದೆ ಉಳಿದ ಬಡವರ ಆಸೆಯೇ ಇಂಥ ವ್ಯಾಪಾರಿಗಳ ಬಂಡವಾಳ. 1552ರಲ್ಲಿ ಚೀನಾದ ತೀರದ ದ್ವೀಪದಲ್ಲಿ ತೀರಿಕೊಂಡ ಆ ಸಂತರ ಬಲಗೈ ಭಾಗವನ್ನು 1614ರಲ್ಲಿ ರೋಮಿಗೆ ಕಳಿಸಿದ್ದು ದಾಖಲೆಯಲ್ಲಿದೆ. ಹಾಗೆ ಕಳಿಸಿದ್ದಕ್ಕೂ ಲೆಕ್ಕವಿರುವಾಗ ತೇರಿನ ಅಂಗಡಿಗೆ ಬುಟ್ಟಿಗಟ್ಟಲೆ ಎಲುಬು ಎಲ್ಲಿಂದ ಬರಬೇಕು?

ಚರ್ಚಿನ ಕಾನೂನು ಈ ವಿಷಯದಲ್ಲಿ ಮೆತ್ತಗಿಲ್ಲ. ಕ್ಯಾನನ್ ಕಾನೂನಿನ 1190ನೇ ವಿಧಿ ಪವಿತ್ರ ಅವಶೇಷಗಳ ಮಾರಾಟವನ್ನು ಪೂರ್ತಿ ನಿಷೇಧಿಸಿದೆ. ಧರ್ಮಾಧಿಕಾರಿಗಳ ಪ್ರಮಾಣಪತ್ರವಿಲ್ಲದ ಅವಶೇಷವನ್ನು ಭಕ್ತರ ಮುಂದೆ ಇಡಬಾರದೆಂದು 2017ರ ಡಿಸೆಂಬರಿನಲ್ಲಿ ವ್ಯಾಟಿಕನ್ ಸೂಚನೆಯನ್ನೂ ಹೊರಡಿಸಿದೆ. ಆದರೆ ಸೆರಗಿನ ಗಂಟು ಬಿಚ್ಚಿದ ಆ ತಾಯಿಗೆ ಇದನ್ನು ಕನ್ನಡದಲ್ಲಿ ಹೇಳಿದವರು ಯಾರು? ನನ್ನ ಸಿಟ್ಟು ಇರುವುದು ಇಲ್ಲಿ.

ಇಂಥ ಮಾರಾಟ ತಡೆಯಲಾಗದ್ದೇನಲ್ಲ. ಬುದ್ಧನ ಅವಶೇಷಗಳೊಂದಿಗೆ ಪಿಪ್ರಾಹ್ವಾ ಎಂಬಲ್ಲಿ ಸಿಕ್ಕಿದ್ದ ರತ್ನಗಳನ್ನು 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಹರಾಜಿಗಿಟ್ಟಾಗ ಭಾರತ ಸರ್ಕಾರ ನೋಟಿಸ್ ಕೊಟ್ಟು ತಡೆಯಿತು. ಜುಲೈನಲ್ಲಿ ಅವು ದೇಶಕ್ಕೆ ಮರಳಿದವು. ಅಷ್ಟು ದೂರದ ಹರಾಜು ನಿಂತಿತೆಂದರೆ ನಮ್ಮೂರ ತೇರಿನ ಅಂಗಡಿ ನಿಲ್ಲಿಸುವುದು ಕಷ್ಟವಲ್ಲ. ಬೆಂಗಳೂರು ಮಹಾಧರ್ಮಕ್ಷೇತ್ರ ಹಬ್ಬಕ್ಕೆ ಮುಂಚಿನ ಭಾನುವಾರ ಪ್ರತಿ ಹಳ್ಳಿಯ ಬಲಿಪೂಜೆಯಲ್ಲೂ ಈ ನಿಷೇಧವನ್ನು ಕನ್ನಡದಲ್ಲಿ ಓದಿಸಲಿ. ಅಂಗಡಿ ಹಾಕಲು ಜಾಗ ಕೊಡುವ ಸಮಿತಿಯವರು ಆ ಲಾಕೆಟ್‌ಗಳನ್ನು ಒಳಗೆ ಬಿಡದಿರಲಿ.

– ಒಬ್ಬ ಓದುಗ, ದೊಡ್ಡಬಳ್ಳಾಪುರ