ಅಚ್ಚು ಹಾಕಿಸಿದವರು ಯಾರು?

ಹೋದ ತಿಂಗಳು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೊರಟಾಗ ನನ್ನ ಕೈಯಲ್ಲಿದ್ದದ್ದು ನಮ್ಮೂರಿನದೇ ಒಂದು ಪತ್ರಿಕೆಯ ಮಹಿಳಾ ವಿಶೇಷಾಂಕ. ಹೆಸರು ಬೇಡ, ಆ ಗುಲಾಬಿ ರಕ್ಷಾಪುಟ ನೋಡಿದವರಿಗೆ ಗೊತ್ತಾಗುತ್ತದೆ. ದಕ್ಷಿಣದ ಹೆಂಗಸರ ಕೈಗೆ ಪತ್ರಿಕೆ ಇತ್ತವರು ಸುಧಾರಕ ಗಂಡಸರಂತೆ. ಹಾಗೆಂದು ಅದರ ಸಂಪಾದಕರ ಅಪ್ಪಣೆಯಾಗಿದೆ. ಓದುತ್ತಿದ್ದ ಹಾಗೇ ಏಲೂರು ಬಂತು.

ಏಲೂರಿನಿಂದ 1902ರಲ್ಲಿ 'ಹಿಂದೂ ಸುಂದರಿ' ಹೊರಡಿಸಿದವರು ಸತ್ತಿರಾಜು ಸೀತಾರಾಮಯ್ಯ. ಗಂಡಸೇ, ಒಪ್ಪಿದೆ. ಆದರೆ ಸಂಪಾದಕಿಯರಾಗಿ ದುಡಿದವರು ಮೊಸಲಿಕಂಟಿ ರಮಾಬಾಯಮ್ಮನಂಥವರು. ಭಂಡಾರು ಅಚ್ಚಮಾಂಬ ಅವರ 'ಧನತ್ರಯೋದಶಿ' ಅದೇ ವರ್ಷ ಅದರಲ್ಲೇ ಬಂತು. ಗುರಜಾಡರ 'ದಿದ್ದುಬಾಟು' ಬಂದದ್ದು 1910ರಲ್ಲಿ. ಮೊದಲ ಕಥೆ ಯಾವುದೆಂಬ ತೆಲುಗರ ಜಗಳ ಅವರಿಗೇ ಇರಲಿ.

ನನ್ನ ತಕರಾರು ಗೋದಾವರಿ ಸೇತುವೆಯಾಚೆಯದು. ಕಮಲಾ ಸತ್ಯನಾಥನ್ ಹುಟ್ಟಿದ್ದು ರಾಜಮಂಡ್ರಿಯಲ್ಲಿ. 1901ರಲ್ಲಿ ಅವರು ಮದ್ರಾಸಿನಿಂದ 'ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್' ಹೊರಡಿಸಿದರು. ಬೇಗಂ ರುಕಿಯಾ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮೊದಲು ಅಚ್ಚಾದದ್ದು ಅಲ್ಲಿ. ಗಂಡಸರು ಒಳಮನೆಯಲ್ಲಿ, ಹೆಂಗಸರು ರಾಜ್ಯಭಾರದಲ್ಲಿ. ಇಂದು ಈ ಕಥೆಯ ಹೆಸರೆತ್ತದ ವಿಚಾರಸಂಕಿರಣವಿಲ್ಲ. ಅಂಥ ಹಸ್ತಪ್ರತಿಯನ್ನು ಅಂದು ಅಚ್ಚಿಗೆ ಕಳಿಸುವ ಎದೆಗಾರಿಕೆ ತೋರಿದ ಸಂಪಾದಕಿಯ ಹೆಸರನ್ನು ಎಷ್ಟು ಜನ ಹೇಳುತ್ತಾರೆ? ಮರುವರ್ಷ ಕಮಲಾ ಅವರ ಗಂಡ ತೀರಿಕೊಂಡರು. ಪೀಠಾಪುರದ ರಾಣಿಗೆ ಪಾಠ ಹೇಳಿ ಜೀವನ, ಜೊತೆಗೆ ಪತ್ರಿಕೆ. 1918ರಲ್ಲಿ ನಿಂತದ್ದನ್ನು 1927ರಲ್ಲಿ ಮತ್ತೆ ಎಬ್ಬಿಸಿ 1938ರವರೆಗೆ ನಡೆಸಿದರು. ಯಾವ ಸುಧಾರಕ ಇದನ್ನು ಅವರ ಕೈಗೆ ಇತ್ತದ್ದು? ಇಂಗ್ಲಿಷಿನದೆಂದು ನಮ್ಮ ಭಾಷೆಗಳ ಚರಿತ್ರೆಕಾರರು ಬಿಟ್ಟರು, ಅಷ್ಟೇ.

ನಾವೇನು ಕಮ್ಮಿ? ನಂಜನಗೂಡು ತಿರುಮಲಾಂಬ ಎಂದೊಡನೆ ಮಾಸ್ತಿಯವರ ವಿಮರ್ಶೆಯ ಪ್ರಸಂಗವನ್ನೇ ಚಪ್ಪರಿಸುತ್ತೇವೆ. 'ಕರ್ನಾಟಕ ನಂದಿನಿ'ಯ ಸಂಪಾದಕಿಯಾಗಿ ಅವರು ಏನನ್ನು ಆಯ್ದರು, ಏನನ್ನು ತಿದ್ದಿದರು ಎಂದು ಕೇಳುವುದೇ ಇಲ್ಲ. 'ಸರಸ್ವತಿ'ಯನ್ನು ನಾಲ್ಕು ದಶಕ ಹೊತ್ತ ಆರ್. ಕಲ್ಯಾಣಮ್ಮ ಚಾಮರಾಜಪೇಟೆಯ ಮಕ್ಕಳ ಕೂಟದ ಅಮ್ಮನಾಗಿಯಷ್ಟೇ ಉಳಿದರು. ಲೇಖಕಿಗೆ ಒಂದು ಶಾಲು ಸಿಕ್ಕೀತು. ಕರಡು ತಿದ್ದಿ, ಚಂದಾ ವಸೂಲಿ ಮಾಡಿ, ವಿಳಾಸ ಬರೆದು ಅಂಚೆಗೆ ಹಾಕಿಸಿದವರಿಗೆ ಅಡಿಟಿಪ್ಪಣಿಯೂ ಇಲ್ಲ. (ಸ್ವಂತ ಸಂಕಟವೂ ಇದರಲ್ಲಿ ಸೇರಿದೆ ಎಂದು ಗೆಳೆಯರು ಆಡಿಕೊಂಡರೆ ಆಡಿಕೊಳ್ಳಲಿ.)

ಈ ಸಂಚಿಕೆಯ ವಿಶೇಷ: ಸಂಪಾದಕಿಯರು. ಅಟ್ಟದ ಮೇಲೆ 'ಕರ್ನಾಟಕ ನಂದಿನಿ', 'ಸರಸ್ವತಿ' ಇದ್ದವರು ರದ್ದಿಗೆ ಹಾಕುವ ಮುನ್ನ ನಮಗೊಂದು ಕಾಗದ ಬರೆಯಿರಿ. ಇಲಿ ಕಡಿದಿದ್ದರೂ ಸರಿ, ಅಂಚೆ ಖರ್ಚು ನಮ್ಮದು.